ಮೂರು ತೂತಿನ ಕೈಗವಸು

ಸುಮಾರು ಐದು ತಿಂಗಳು ನಾನು ನನ್ನ ಬಲಗೈಯನ್ನು ‘ಅದು’ ಎಂದೇ ಕರೆಯುತ್ತಿದ್ದೆ. ಅದಕ್ಕೆ ಇವತ್ತು ಉರಿ ಜಾಸ್ತಿ, ಅದನ್ನು ಮುಟ್ಟಬೇಡಿ, ಅದರ ಪಕ್ಕ ಕೂರಬೇಡಿ. ಮನೆಗೆ ಬಂದು ಹೋಗಲೊಲ್ಲದ ನೆಂಟರ ಬಗ್ಗೆ ಆಡುವ ಮಾತು. ಅದು ನನ್ನದೇ ಕೈ ಎಂದು ಒಪ್ಪಿಕೊಳ್ಳುವುದಕ್ಕೆ ಮೆರೂನ್ ಬಣ್ಣದ ಉಲ್ಲನ್, ಒಂದು ಜೊತೆ ಹೆಣಿಗೆ ಕಡ್ಡಿ ಮತ್ತು ನಮ್ಮತ್ತೆಯ ಜೊತೆ ಒಂದು ಜಗಳ ಬೇಕಾಯಿತು. ಸಿಂಗಪುರದ ಸೆಕೆಯಲ್ಲಿ ಉಲ್ಲನ್ ಯಾಕೆ ಎಂದು ಈಗಲೇ ನಗಬೇಡಿ, ಅದಕ್ಕೂ ಬರುತ್ತೇನೆ.

ಬಿದ್ದದ್ದು ನರಕ ಚತುರ್ದಶಿಯ ಬೆಳಿಗ್ಗೆ. ನಾವು ಮೈಸೂರಿನವರು. ಊರು ಬಿಟ್ಟು ಹದಿನಾಲ್ಕು ವರ್ಷವಾದರೂ ಎಣ್ಣೆಸ್ನಾನ ಬಿಟ್ಟಿಲ್ಲ. ಬುಕಿತ್ ಬಾಟೋಕಿನ ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ ಹಂಡೆಯೆಲ್ಲಿ ಬರಬೇಕು? ಪ್ಲಾಸ್ಟಿಕ್ ಬಕೆಟ್ಟಿಗೇ ಅರಿಶಿನ ಕುಂಕುಮ ಹಚ್ಚಿ, ಸೆರಂಗೂನ್ ರಸ್ತೆಯಿಂದ ತಂದ ಹೂವಿಟ್ಟು, ಅದನ್ನೇ ಹಂಡೆ ಅಂದುಕೊಳ್ಳುತ್ತೇವೆ. ಹರಳೆಣ್ಣೆ ಬೆಚ್ಚಗೆ ಮಾಡಿ ಮಗಳು ಅದಿತಿಯ ತಲೆಗೆ ಒತ್ತಿದೆ, ಗಂಡ ಗುರುವಿನ ತಲೆಗೆ ಒತ್ತಿದೆ, ನಾನೂ ಹಚ್ಚಿಕೊಂಡೆ. ಎಣ್ಣೆ ಇಳಿಯುವ ತನಕ ಕೂತಿರಬೇಕು ಎನ್ನುತ್ತಾರೆ. ನಾನು ಕೂರುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನನ್ನಮ್ಮನೇ ಹೇಳುತ್ತಿದ್ದಳು. ಒಲೆಯ ಮೇಲಿದ್ದ ಹೂರಣ ತಿರುವಿ, ಬಾಗಿಲ ರಂಗೋಲಿ ಮುಗಿಸಿ, ಎಣ್ಣೆಗಾಲಲ್ಲೇ ಬಾತ್‌ರೂಮಿಗೆ ಓಡಿದೆ. ಟೈಲ್ಸ್ ಮೇಲೆ ಕಾಲು ಜಾರಿತು. ಬಲ ಅಂಗೈ ಊರಿ ಬಿದ್ದೆ. ಚಟ್ ಎಂದ ಸದ್ದು ನನಗೇ ಕೇಳಿಸಿತು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದ ಎಳೆ ವಯಸ್ಸಿನ ಡಾಕ್ಟರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಮೈತುಂಬ ಎಣ್ಣೆ ಹಚ್ಚಿಕೊಂಡು ನುಣುಪು ನೆಲದ ಮೇಲೆ ಯಾಕೆ ಓಡಿದಿರಿ? ಹಬ್ಬ ಎಂದೆ. ಅವರು ಬರೆದುಕೊಂಡರು, ಆದರೆ ಅರ್ಥವಾದಂತೆ ಕಾಣಲಿಲ್ಲ. ಆಮೇಲೆ ಬಂದ ವಯಸ್ಸಾದ ತಮಿಳು ನರ್ಸ್ ನನ್ನ ತಲೆ ನೋಡಿದ್ದೇ ನಕ್ಕುಬಿಟ್ಟರು. ಪ್ರತಿ ದೀಪಾವಳಿಗೂ ನಿಮ್ಮಂಥವರು ಒಬ್ಬರಾದರೂ ಬರುತ್ತಾರಮ್ಮ ಎಂದರು. ಹಣೆಯಿಂದ ಕಣ್ಣಿಗಿಳಿಯುತ್ತಿದ್ದ ಎಣ್ಣೆಯನ್ನು ಹತ್ತಿಯಲ್ಲಿ ಒರೆಸಿದರು. ಅವತ್ತು ಅಳು ಬಂದದ್ದು ಆಗ ಮಾತ್ರ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಅದೇನೂ ಅಂಥಾ ಕಷ್ಟವಲ್ಲ. ಪ್ಲಾಸ್ಟರ್ ಇದ್ದವರನ್ನು ಜನ ನಂಬುತ್ತಾರೆ. ಎಂ.ಆರ್.ಟಿ. ರೈಲಿನಲ್ಲಿ ಎದ್ದು ಸೀಟು ಕೊಡುತ್ತಾರೆ, ಆಫೀಸಿನಲ್ಲಿ ಕಾಫಿ ತಂದಿಡುತ್ತಾರೆ. ಎಡಗೈಯಲ್ಲಿ ಸಾರನ್ನ ತಿನ್ನುವುದನ್ನು ಕಲಿತೆ. ಮೊದಲ ದಿನ ಎಡಗೈ ತಟ್ಟೆಗೆ ಹೋಗುವುದನ್ನು ನೋಡಿ ನನಗೇ ಹೇಸಿಗೆಯಾಯಿತು. ಮಂಗಳಾರತಿಗೆ ಎಡಗೈ ಒಡ್ಡಬೇಕಾದಾಗ ಕೈಯೇ ಒಡ್ಡದೆ ತಲೆ ಮಾತ್ರ ಬಾಗಿಸುತ್ತಿದ್ದೆ.

ನಿಜವಾದ ಕಾಯಿಲೆ ಶುರುವಾದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಕೈ ಊದಿ, ಹೊಳೆಯುವ ನೇರಳೆ ಬಣ್ಣಕ್ಕೆ ತಿರುಗಿತ್ತು. ರವಿಕೆಯ ತೋಳಿನ ಅಂಚು ತಗುಲಿದರೆ ಕಾದ ಕಾವಲಿ ತಗುಲಿದಷ್ಟು ಉರಿ. ಫ್ಯಾನ್ ಗಾಳಿ ಆಗುತ್ತಿರಲಿಲ್ಲ. ಎಕ್ಸ್‌ರೇ ತೆಗೆದರು. ಮೂಳೆ ಬಹಳ ಚೆನ್ನಾಗಿ ಕೂಡಿದೆ, ಅಭಿನಂದನೆಗಳು ಎಂದರು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಎಕ್ಸ್‌ರೇ ಚೆನ್ನಾಗಿದೆ ಎಂದು ಹೇಳಿಸಿಕೊಂಡು ಮನೆಗೆ ಬಂದು ಅತ್ತಿದ್ದರೆ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗುರು ಕೆಟ್ಟವನಲ್ಲ. ಅವನು ಇಂಜಿನಿಯರ್, ರಿಪೋರ್ಟ್ ನಂಬುವವನು. ಮೊದಲ ವಾರ ಮರುಗಿದ, ಎರಡನೇ ವಾರ ಇಂಟರ್ನೆಟ್ಟಿನಲ್ಲಿ ಓದಿದ, ಮೂರನೇ ವಾರ ಮೆಲ್ಲಗೆ ಹೇಳಿದ: “ಸುಮಾ, ಎಕ್ಸ್‌ರೇ ಕ್ಲಿಯರ್ ಇದೆ. ನೀನು ತುಂಬಾ ಸ್ಟ್ರೆಸ್ ಮಾಡ್ಕೊತಿದೀಯೇನೋ.” ಅವತ್ತೇ ನಾನು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಲಿಂಗನ್ನು, ಪ್ಲಾಸ್ಟರ್ ಕೈ ತೂಗುಹಾಕಿದ್ದ ಆ ಪಟ್ಟಿಯನ್ನು, ಮತ್ತೆ ಕೊರಳಿಗೆ ಹಾಕಿಕೊಂಡೆ. ವೈದ್ಯರು ಬೇಡ ಎಂದಿದ್ದರೂ ಹಾಕಿಕೊಂಡೆ. ಸ್ಲಿಂಗ್ ಇದ್ದರೆ ರೈಲಿನಲ್ಲಿ ಜನ ಎರಡಡಿ ದೂರ ನಿಲ್ಲುತ್ತಿದ್ದರು. ಮನೆಯಲ್ಲಿ ಗಂಡ ಸುಮ್ಮನಿರುತ್ತಿದ್ದ.

ಕೂತರೆ ಉರಿ, ಮಲಗಿದರೆ ಉರಿ. ನಡೆಯುತ್ತಿದ್ದರೆ ಮಾತ್ರ ಒಂಚೂರು ಸಹಿಸಿಕೊಳ್ಳಬಹುದಿತ್ತು. ಹಾಗಾಗಿ ನಡೆದೆ. ನಮ್ಮ ಬ್ಲಾಕಿನ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ, ಸಾಲು ಸಾಲು ಚಪ್ಪಲಿ ಗೂಡುಗಳನ್ನೂ ಒಣಹಾಕಿದ ಬಟ್ಟೆಗಳನ್ನೂ ದಾಟಿ, ಬೆಳಗಿನ ಐದು ಗಂಟೆಗೆ. ಆಮೇಲೆ ಕೆಳಗಿಳಿದು ವಾಯ್ಡ್ ಡೆಕ್ ಎಂಬ ಖಾಲಿ ನೆಲಮಹಡಿಯ ಕಂಬಗಳ ಸುತ್ತ. ಜುರಾಂಗ್ ಈಸ್ಟಿನಲ್ಲಿ ರೈಲು ಬದಲಿಸುವಾಗಿನ ಗುಂಪು ಕಂಡರೆ ಗೋಡೆಗೆ ಸರಿದು ನಿಲ್ಲುತ್ತಿದ್ದೆ. ತಂಜಾಂಗ್ ಪಗಾರಿನ ನಮ್ಮ ಬ್ಯಾಂಕಿನಲ್ಲಿ ನನ್ನದು ಬೇರೆಯವರ ಕಾಗದಪತ್ರದಲ್ಲಿ ತಪ್ಪು ಹುಡುಕುವ ಕೆಲಸ. ಅಲ್ಲಿನ ಎ.ಸಿ. ಚಳಿ ತಗುಲಿದರೆ ಬೆರಳು ನೀಲಿಗಟ್ಟುತ್ತಿತ್ತು. ಹೊರಗೆ ಬೆವರು, ಒಳಗೆ ಹಿಮ. ಈ ಊರಿನಲ್ಲಿ ನನಗೆ ಅರ್ಧ ದಿನ ಸ್ವೆಟರ್ ಬೇಕಿತ್ತು, ಆದರೆ ಸ್ವೆಟರಿನ ತೋಳೊಳಗೆ ಕೈ ತೂರಿಸಲು ಧೈರ್ಯವಿರಲಿಲ್ಲ.

ಕೊನೆಗೆ ಬೇರೊಬ್ಬ ಡಾಕ್ಟರು ಇದಕ್ಕೊಂದು ಉದ್ದನೆಯ ಹೆಸರಿದೆ ಎಂದರು. ಮೂಳೆ ವಾಸಿಯಾದರೂ ನರಗಳು ಇನ್ನೂ ಗಾಬರಿಯಲ್ಲಿವೆ, ನೋವು ನಿಜ, ಆದರೆ ಕೈ ಬಳಸದೇ ಇದ್ದರೆ ಕೈ ಹೋಗುತ್ತದೆ. ‘ಹೋಗುತ್ತದೆ’ ಎಂದಾಗ ನನ್ನ ಮುಖವನ್ನೇ ನೋಡಿದರು. ಬೆರಳುಗಳು ಹೀಗೇ ಮಡಚಿಕೊಂಡು ಗಟ್ಟಿಯಾಗಿಬಿಡಬಹುದು ಎಂದರು. ನನಗೆ ನಲವತ್ತನಾಲ್ಕು. ಬಲಗೈ ಇಲ್ಲದೆ ಮುಂದಿನ ಆಯುಷ್ಯವನ್ನು ಹೇಗೆ ಕಳೆಯುವುದು ಎಂದು ಯೋಚಿಸುತ್ತ ಹಿಂದಿರುಗುವಾಗ ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟೆ.

ಹ್ಯಾಂಡ್ ಥೆರಪಿ ಪ್ರತಿ ಮಂಗಳವಾರ. ಕಾಯುವ ಕೋಣೆಯಲ್ಲಿ ಪರದೆಯ ಮೇಲೆ ನಂಬರು ಬರುವವರೆಗೆ ಕೂರಬೇಕು. ನನಗೆ ಕೂರಲು ಆಗುತ್ತಿರಲಿಲ್ಲ. ಹೆಬ್ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡ ಚೀನೀ ಅಂಕಲ್ ಒಬ್ಬರು ಎರಡು ವಾರ ನನ್ನ ಓಡಾಟ ನೋಡಿದರು. ಮೂರನೇ ವಾರ ಗೋಡೆ ಪಕ್ಕದ ಕುರ್ಚಿ ತೋರಿಸಿ ನನ್ನನ್ನು ಕೂರಿಸಿ, ತಾವು ನನ್ನ ಬಲಕ್ಕೆ ಒಂದು ಕುರ್ಚಿ ಬಿಟ್ಟು ಕೂತರು. ಆ ಖಾಲಿ ಕುರ್ಚಿಯ ಮೇಲೆ ತಮ್ಮ ಕೊಡೆ ಇಟ್ಟರು. ಯಾರೂ ಬಂದು ನನಗೆ ತಾಗಬಾರದು ಅಂತ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಥೆರಪಿಸ್ಟ್ ನೂರ್, ಮಲಯ್ ಹುಡುಗಿ. ಮೊದಲ ದಿನವೇ ನನ್ನ ಸ್ಲಿಂಗ್ ಕಳಚಿ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದಳು. ಆಮೇಲೆ ಒಂದು ಡಬ್ಬಿ ತೆರೆದಳು. ಹತ್ತಿ, ರೇಷ್ಮೆ, ಟವಲ್, ಬ್ರಷ್, ಉಲ್ಲನ್. ದಿನಕ್ಕೆ ಮೂರು ಸಲ ಒಂದೊಂದರಿಂದಲೂ ಕೈ ಸವರಿಕೊಳ್ಳಬೇಕು, ಇದು ಬರೀ ಹತ್ತಿ, ಇದು ಬರೀ ಉಲ್ಲನ್ ಎಂದು ನರಗಳಿಗೆ ಮತ್ತೆ ಪಾಠ ಹೇಳಿಕೊಡಬೇಕು. ಹತ್ತಿ ಸಹಿಸಿದೆ. ಉಲ್ಲನ್ ತಗುಲಿದಾಗ ಕುರ್ಚಿ ಬಿಟ್ಟು ಎದ್ದು ಬಾಗಿಲ ತನಕ ಹೋಗಿಬಿಟ್ಟಿದ್ದೆ.

ಆ ಹೊತ್ತಿಗೆ ಅತ್ತೆ ಬಂದರು. ಮೈಸೂರಿನಲ್ಲಿ ಮಗಳ ಮನೆಯಲ್ಲಿರುವವರು, ಸೊಸೆಯ ಕೈ ಸರಿಯಿಲ್ಲ ಎಂದು ಕೇಳಿ ಹೊರಟು ಬಂದಿದ್ದರು. ಬಾಗಿಲಲ್ಲೇ ಪ್ರೀತಿಯಿಂದ ನನ್ನ ಎರಡೂ ಕೈ ಹಿಡಿದರು. ನಾನು ಕಿರುಚಿದೆ. ಎದುರುಮನೆಯವರು ಬಾಗಿಲು ತೆಗೆದು ನೋಡುವಷ್ಟು ಜೋರಾಗಿ. ಅತ್ತೆಯ ಮುಖ ಬಾಡಿತು. ಆಮೇಲೆ ಅಡುಗೆಮನೆಯಲ್ಲಿ ಮಗನಿಗೆ ಹೇಳುತ್ತಿದ್ದುದು ಕೇಳಿಸಿತು, ಮುಟ್ಟಿದ್ದಕ್ಕೇ ಹೀಗಾಡಿದರೆ ಏನು ಹೇಳೋದಪ್ಪ ಎಂದು.

ನಮ್ಮತ್ತೆಯ ಬಗ್ಗೆ ಒಂದು ವಿಷಯ ಹೇಳಿಬಿಡಬೇಕು. ಅವರಿಗೆ ಬೇರೆಯವರು ಮಾಡಿದ ಕೆಲಸ ಸರಿಬರುವುದಿಲ್ಲ. ನಾನು ತೊಳೆದ ಪಾತ್ರೆ ಮತ್ತೆ ತೊಳೆಯುತ್ತಾರೆ. ನಾನು ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚುತ್ತಾರೆ. ನನ್ನ ಹುಳಿಗೆ, ನಾನು ಅತ್ತ ತಿರುಗಿದಾಗ, ಮತ್ತೊಂದು ಚಮಚ ಪುಡಿ ಬೀಳುತ್ತದೆ. ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ, ಅದೇ ಇನ್ನೂ ಮೈಯುರಿ. ಮದುವೆಯಾದ ಹೊಸದರಲ್ಲಿ ಅತ್ತಿದ್ದೆ, ಆಮೇಲೆ ಅಭ್ಯಾಸವಾಗಿತ್ತು.

ಬಂದ ನಾಲ್ಕನೇ ಬೆಳಿಗ್ಗೆ ಐದು ಗಂಟೆಗೆ ನಾನು ಕಾರಿಡಾರಿನಲ್ಲಿ ಓಡಾಡುತ್ತಿದ್ದಾಗ ಹಿಂತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಾಫಿಗೆ ಹಾಲಿಡಲು ಒಳಗೆ ಹೋದರು. ಅವತ್ತಿನಿಂದ ಊಟಕ್ಕೆ ಕೂರುವಾಗ ನನ್ನ ಬಲಗಡೆ ಅವರೇ ಕೂರತೊಡಗಿದರು, ಅದಿತಿಯ ಮೊಣಕೈ ತಾಗದಷ್ಟು ಜಾಗ ಬಿಟ್ಟು.

ಅವರ ಪೆಟ್ಟಿಗೆಯಲ್ಲಿ ಆರು ಉಂಡೆ ಮೆರೂನ್ ಉಲ್ಲನ್ ಇತ್ತು. ಮೊಮ್ಮಗಳಿಗೆ ಸ್ವೆಟರ್. “ಅಜ್ಜಿ, ಇಲ್ಲಿ ಯಾರೂ ಸ್ವೆಟರ್ ಹಾಕಲ್ಲ ಲಾ” ಎಂದು ಅದಿತಿ ಇಲ್ಲಿಯವರ ‘ಲಾ’ ಸೇರಿಸಿ ನಕ್ಕಳು. ಅತ್ತೆ ಲೆಕ್ಕಕ್ಕಿಡಲಿಲ್ಲ. ಮಾವನವರಿಗೆ ಉತ್ತರದ ಕಡೆ ವರ್ಗವಾಗಿದ್ದ ಕಾಲದಲ್ಲಿ ಪಕ್ಕದ ಮನೆಯ ಪಂಜಾಬಿ ಹೆಂಗಸಿನಿಂದ ಹೆಣಿಗೆ ಕಲಿತವರು ಅವರು. ಬಲಗಡೆಯ ಉದ್ದನೆ ಕಡ್ಡಿಯ ತುದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೆಣೆಯುತ್ತಾರೆ. ಆ ಕಡ್ಡಿ ಅಲುಗುವುದೇ ಇಲ್ಲ. ಕೆಲಸವೆಲ್ಲ ಎಡಗೈಯದು, ಬಲಗೈ ಬೆರಳು ದಾರವನ್ನು ಸುತ್ತಿ ಬಿಡುತ್ತದೆ, ಅಷ್ಟೆ.

ನಾನು ಸೋಫಾದ ಮೇಲೆ ಕೂತು ನೂರ್ ಹೇಳಿದಂತೆ ಆ ಉಂಡೆಯನ್ನು ಕೈಗೆ ಸವರಿಕೊಳ್ಳುತ್ತಿದ್ದೆ. ಮೊದಲು ಹತ್ತು ಎಣಿಸುವಷ್ಟು ಹೊತ್ತು, ಆಮೇಲೆ ಇಪ್ಪತ್ತು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ. ಒಂದು ವಾರ ನೋಡಿದ ಅತ್ತೆ ಕಡ್ಡಿಗಳನ್ನು ನನ್ನ ಮಡಿಲಿಗೆ ಹಾಕಿದರು.

“ಸುಮ್ನೆ ಉಜ್ಕೊಂಡು ಕೂರೋ ಬದ್ಲು ನಾಲ್ಕು ಸಾಲು ಹಾಕು.”

ನಾನು ಮೊದಲು ಯೂಟ್ಯೂಬ್ ನೋಡಿ, ಅಲ್ಲಿಯವರಂತೆ ಎರಡೂ ಕೈಯಲ್ಲಿ ಚಿಕ್ಕ ಕಡ್ಡಿ ಹಿಡಿದು ನೋಡಿದೆ. ಮಣಿಕಟ್ಟು ತಿರುಗಿಸಿದ ಕೂಡಲೇ ಪ್ರಾಣ ಹೋದಂತಾಯಿತು. ಆಮೇಲೆ ಅತ್ತೆ ಹೇಳಿದಂತೆ ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಮಣಿಕಟ್ಟು ತಿರುಗಬೇಕಾದ್ದೇ ಇರಲಿಲ್ಲ. ದಾರ ಬೆರಳಿನ ಮೇಲೆ ಹರಿಯುತ್ತಿತ್ತು, ಉರಿಯುತ್ತಿತ್ತು, ಆದರೂ ಬೆರಳು ಅಲುಗುತ್ತಿತ್ತು. ಮೊದಲ ಸಾಲು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಮೂವತ್ತಾರು ಕುಣಿಕೆ. ಮುಂದಿನ ಮಂಗಳವಾರ ನೂರ್‌ಗೆ ತೋರಿಸಿದಾಗ, ನಾಲ್ಕು ವರ್ಷ ಓದಿದ್ದೇನೆ, ಈ ಉಪಾಯ ಯಾರೂ ಹೇಳಿಕೊಡಲಿಲ್ಲ ಎಂದು ನಕ್ಕಳು. ನನ್ನ ಫೈಲಿನಲ್ಲಿ ಕಂಕುಳು, ಕಡ್ಡಿ ಎಲ್ಲವನ್ನೂ ಚಿತ್ರ ಸಮೇತ ಬರೆದಳು.

ಹೆಣಿಗೆಯಿಂದ ನೋವು ಹೋಯಿತು ಎಂದರೆ ಸುಳ್ಳಾಗುತ್ತದೆ. ನೋವು ಇದ್ದಲ್ಲೇ ಇತ್ತು. ಆದರೆ ನಡೆದು ನಡೆದು ತೀರಿಸುತ್ತಿದ್ದ ಚಡಪಡಿಕೆಯನ್ನು ಈಗ ಬೆರಳುಗಳು ತೀರಿಸುತ್ತಿದ್ದವು. ನಾನು ಅರ್ಧ ಗಂಟೆ ಒಂದೇ ಕಡೆ ಕೂತದ್ದನ್ನು ಕಂಡು ಗುರು, ಸುಮಾ ಎಲ್ಲಿ ಎಂದು ಮನೆಯೆಲ್ಲ ಹುಡುಕಿದವನಂತೆ ನಟಿಸಿ ರೇಗಿಸಿದ. ಹೆಣೆಯುತ್ತಿದ್ದದ್ದು ಒಂದು ಕೈಗವಸು. ಬೆರಳಿಲ್ಲದ್ದು, ಚಪ್ಪಟೆಯಾಗಿ ಹೆಣೆದು ಪಕ್ಕದಲ್ಲಿ ಹೊಲಿದು ಹೆಬ್ಬೆರಳಿಗೆ ಜಾಗ ಬಿಡುವಂಥದ್ದು. ಆಫೀಸಿನ ಎ.ಸಿ.ಗೆ.

ಬೆಳಿಗ್ಗೆ ನಾಲ್ಕೈದು ಸಾಲು ಹಾಕಿ ಆಫೀಸಿಗೆ ಹೋಗುತ್ತಿದ್ದೆ. ಬಿಟ್ಟು ಹೋಗುವಾಗ ಅದು ಸೊಟ್ಟಂಬಟ್ಟ. ಒಂದು ಕುಣಿಕೆ ಬಿಗಿ, ಒಂದು ಸಡಿಲ. ಸಂಜೆ ಬಂದು ನೋಡಿದರೆ ಸಾಲುಗಳು ನೆಟ್ಟಗೆ, ಒಂದೇ ಸಮ. ಮೊದಲ ದಿನ ಖುಷಿಯಾಯಿತು. ನಾಲ್ಕನೇ ದಿನ ಅನುಮಾನ ಬಂತು. ಹತ್ತನೇ ದಿನಕ್ಕೆ ಖಾತ್ರಿಯಾಯಿತು. ತಪ್ಪು ಹುಡುಕುವುದೇ ನನ್ನ ಕಸುಬು. ಪಾತ್ರೆ ಮತ್ತೆ ತೊಳೆಯುವವರು, ಬಟ್ಟೆ ಮತ್ತೆ ಮಡಚುವವರು, ಹೆಣಿಗೆಯನ್ನು ಬಿಡುತ್ತಾರೆಯೇ? ನಾನಿಲ್ಲದಾಗ ಬಿಚ್ಚಿ ಮತ್ತೆ ಹಾಕಿಡುತ್ತಿದ್ದಾರೆ.

ಅತ್ತೆ ಹೊರಡಲು ನಾಲ್ಕು ದಿನವಿತ್ತು. ಗವಸು ಹೆಚ್ಚುಕಡಿಮೆ ಮುಗಿದಿತ್ತು. ಆ ಭಾನುವಾರ ಉರಿ ವಿಪರೀತ. ಅದಿತಿ ಗವಸನ್ನು ಎತ್ತಿ ಹಿಡಿದು, ಅಮ್ಮ ಇದು ಅಜ್ಜಿ ಹಾಕಿದ ಹಾಗೇ ಇದೆ ಎಂದಳು. ನನಗೆ ತಡೆಯಲಾಗಲಿಲ್ಲ.

“ಅಜ್ಜಿ ಹಾಕಿರೋದೇ ಅದು” ಎಂದೆ. ಅತ್ತೆಯ ಕಡೆ ತಿರುಗಿದೆ. “ನಾನು ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಮಾಡೋದು ನಿಮ್ಮ ಅಭ್ಯಾಸ ಅತ್ತೆ. ಇದೊಂದನ್ನಾದ್ರೂ ಬಿಡಬಹುದಿತ್ತು. ಈ ಕೈಯಲ್ಲಿ ಏನೂ ಆಗಲ್ಲ ಅಂತ ನನಗೂ ಗೊತ್ತು, ನೀವು ತೋರಿಸಿಕೊಡೋದು ಬೇಕಿರಲಿಲ್ಲ.”

ಗುರು ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ನಾನು ಏನೋ ಪ್ರತ್ಯುತ್ತರ ಬರುತ್ತದೆಂದು ಕಾದೆ.

“ಆಯ್ತು ಬಿಡಮ್ಮ” ಎಂದರು ಅತ್ತೆ, ಅಷ್ಟೆ. ಎದ್ದು ಹೋಗಿ ಒಣಗಿದ ಬಟ್ಟೆ ತಂದು ಮಡಚತೊಡಗಿದರು.

ಚಾಂಗಿ ವಿಮಾನ ನಿಲ್ದಾಣದಲ್ಲಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಒಂದೇ ಕೈ ನೆಲಕ್ಕೆ ಹೋಯಿತು, ಎಡಗೈ. ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಕೈ ನೋಡ್ಕೋ ಎಂದರು. ಆಗಲಿ ಎಂದೆ. ಹಿಂದಿರುಗುವಾಗ ಗುರು ದಾರಿಯುದ್ದಕ್ಕೂ ಸುಮ್ಮನಿದ್ದ, ನನಗೆ ಅವನ ಮೇಲೂ ಸಿಟ್ಟು ಬಂತು.

ಎರಡು ವಾರ ಗವಸು ಮುಟ್ಟಲಿಲ್ಲ. ಮತ್ತೆ ಕಾರಿಡಾರ್, ಮತ್ತೆ ವಾಯ್ಡ್ ಡೆಕ್ಕಿನ ಕಂಬಗಳು. ನೂರ್ ಕೈ ನೋಡಿ, ಈ ವಾರ ಹೆಣೆದಿಲ್ಲ ಅಲ್ಲವೇ ಎಂದು ಕಂಡುಹಿಡಿದಳು. ಬೆರಳು ಬಿಗಿಯಾಗುತ್ತಿದೆ ಎಂದಳು. ಮನೆಗೆ ಬಂದು, ಯಾರು ಹೆಣೆದದ್ದಾದರೇನು, ಚಳಿಗಾದರೂ ಆಗಲಿ ಎಂದು ಅಂಚು ಮುಗಿಸಿ ಪಕ್ಕ ಹೊಲಿಯಲು ಕೂತೆ. ಹೊಲಿದಾದ ಮೇಲೆ ಬಲಗೈಗೆ ಮೆಲ್ಲಗೆ ಏರಿಸಿದೆ. ಕಿಟಕಿಯ ಬೆಳಕಿಗೆ ಕೈ ಎತ್ತಿದೆ.

ಬೆಳಕು ಒಂದು ಕಡೆ ತೂರಿ ಬಂತು. ಮಣಿಕಟ್ಟಿನ ಹತ್ತಿರ, ನಾಲ್ಕನೇ ಸಾಲಿನಲ್ಲಿ ಒಂದು ತೂತು. ಕುಣಿಕೆ ತಪ್ಪಿಸಿದ್ದ ಜಾಗ. ಅದು ಯಾವಾಗ ಆದದ್ದೆಂದು ನನಗೆ ಚೆನ್ನಾಗಿ ನೆನಪಿತ್ತು. ಅದಿತಿ ಸ್ಕೂಲ್ ಬ್ಯಾಗನ್ನು ದೊಪ್ಪನೆ ನೆಲಕ್ಕೆ ಹಾಕಿದ್ದಳು, ಬೆಚ್ಚಿ ಕಡ್ಡಿ ಜಾರಿತ್ತು. ನಡುವೆ ಇನ್ನೊಂದು ತೂತು, ಕುಕ್ಕರ್ ಕೂಗಿದಾಗಿನದ್ದು. ಬೆರಳುಗಳ ಬುಡದಲ್ಲಿ ಮೂರನೆಯದು, ಗುರು ಫೋನಿನಲ್ಲಿ ಜೋರಾಗಿ ನಕ್ಕಾಗಿನದ್ದು. ಬುಡದಿಂದ ತುದಿಯವರೆಗೆ ಮೂರೂ ಹಾಗೇ ಕೂತಿದ್ದವು.

ಹೆಣಿಗೆ ಬಿಚ್ಚಿ ಮತ್ತೆ ಹಾಕಿದ್ದರೆ ತೂತು ಉಳಿಯುವುದಿಲ್ಲ. ನಮ್ಮತ್ತೆಯ ಕೈಗೆ ಸಿಕ್ಕ ತೂತಂತೂ ಯಾವ ಕಾರಣಕ್ಕೂ ಉಳಿಯುವುದಿಲ್ಲ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಆಮೇಲೆ ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ.

ಅತ್ತೆ ಹುರಳಿಕಾಯಿ ಸೋಸುತ್ತಿದ್ದರು. ಊಟವಾಯಿತೇ, ಅದಿತಿ ಬಂದಳೇ ಎಲ್ಲ ಕೇಳಿದರು.

“ಅತ್ತೆ, ನೀವು ಬಿಚ್ಚೇ ಇರಲಿಲ್ಲ.”

“ಇಲ್ಲ.”

“ಮತ್ತೆ ಸಂಜೆ ಹೊತ್ತಿಗೆ ಅಷ್ಟು ನೆಟ್ಟಗೆ ಹೇಗಾಗ್ತಿತ್ತು?”

“ಒದ್ದೆ ಪಂಚೆಯಲ್ಲಿ ಸುತ್ತಿ, ತಟ್ಟಿ, ದಿಂಬಿನ ಕೆಳಗೆ ಇಡ್ತಿದ್ದೆ. ಹಾಗಿಟ್ರೆ ಉಲ್ಲನ್ ತಾನೇ ಸರಿಯಾಗಿ ಕೂತ್ಕೊಳತ್ತೆ. ಕುಣಿಕೆ ಎಲ್ಲಾ ನಿಂದೇ.”

ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅತ್ತೆ ಕೈಯಲ್ಲಿದ್ದ ಹುರಳಿಕಾಯಿಯ ನಾರು ತೆಗೆದು ಪಕ್ಕಕ್ಕಿಟ್ಟರು.

“ಹೇಳಿದ್ರೆ ನಂಬ್ತಿದ್ಯಾ? ನಿನ್ನ ನೋವನ್ನ ಯಾರೂ ನಂಬಲ್ಲ ಅಂತ ಒದ್ದಾಡ್ತಿದ್ದೆ. ಆ ಬೆಳಿಗ್ಗೆ ನೀನು ಓಡಾಡೋದು ನೋಡಿದಾಗ್ಲೇ ನಾನು ನಂಬಿದೆ ಕಣಮ್ಮ. ನಿನ್ನ ಕೈನ ನೀನೇ ನಂಬ್ಲಿಲ್ಲ.”

ಅಳುತ್ತಲೇ ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ, ಮುಗಿದಿದ್ದರೆ ಎಲ್ಲಿ ತೋರಿಸು ಎಂದರು. ಫೋನನ್ನು ಎಡಗೈಗೆ ಬದಲಿಸಿ ಬಲಗೈ ಎತ್ತಿ ಹಿಡಿದೆ. ಅತ್ತೆ ಕನ್ನಡಕ ಹಾಕಿಕೊಂಡು, ಮುಖವನ್ನು ಪರದೆಗೆ ತೀರಾ ಹತ್ತಿರ ತಂದು ನೋಡಿದರು.

“ಮೂರು ಕಡೆ ತೂತಿದೆ” ಎಂದರು. ನನಗೆ ನಗು ಬಂತು. ನಿಮಗೆ ಮೊದಲೇ ಗೊತ್ತಿತ್ತಾ ಎಂದೆ. ದಿನಾ ತಟ್ಟಿ ಇಡುತ್ತಿದ್ದವಳಿಗೆ ಕಾಣದೇ ಇರುತ್ತದೆಯೇ ಎಂದರು. ಮುಚ್ಚಲು ಕೈ ಎಷ್ಟು ತುರಿಸುತ್ತಿತ್ತು ಅಂತ ನಿನಗೇನು ಗೊತ್ತು ಎಂದೂ ಹೇಳಿದರು.

ಇದು ನಡೆದು ಎಂಟು ತಿಂಗಳಾಯಿತು. ಉರಿ ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು ಎಂದು ನೂರ್ ಹೇಳಿದ್ದಾಳೆ. ಬೆರಳುಗಳು ಮಡಚುತ್ತವೆ, ಬಿಚ್ಚುತ್ತವೆ. ಈ ದೀಪಾವಳಿಗೆ ಅದಿತಿಯ ತಲೆಗೆ ಎಣ್ಣೆಯನ್ನು ನಾನೇ ಒತ್ತಿದೆ. ಆಮೇಲೆ, ಗುರುವಿಗೆ ಆಶ್ಚರ್ಯವಾಗುವಂತೆ, ಒಂದು ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಆಫೀಸಿನಲ್ಲಿ ಗವಸು ಹಾಕಿಕೊಂಡೇ ಟೈಪ್ ಮಾಡುತ್ತೇನೆ. ಮೂರು ತೂತಿನಿಂದಲೂ ಎ.ಸಿ. ಗಾಳಿ ತಗುಲುತ್ತದೆ. ಮುಚ್ಚಿಬಿಡಬಹುದು, ಐದು ನಿಮಿಷದ ಕೆಲಸ. ಇನ್ನೂ ಮುಚ್ಚಿಲ್ಲ. ಅತ್ತೆ ಪ್ರತಿ ಭಾನುವಾರ ವಿಡಿಯೋದಲ್ಲಿ ಕೈ ತೋರಿಸು ಎನ್ನುತ್ತಾರೆ. ನಾನು ನನ್ನ ಕೈ ತೋರಿಸುತ್ತೇನೆ.